ಹಾವು ಕಚ್ಚಿದಾಗ ಹೊತ್ತು ಕಳೆಯಬೇಡಿ

ಮುಲ್ಲೈಪೆರಿಯಾರಿನ ನೀರು ಬಿಟ್ಟಿತೆಂದರೆ ಕಂಬಂ ಕಣಿವೆಯ ನಮ್ಮ ಒಕ್ಕಲು ಜನರಿಗೆ ಹಗಲು ರಾತ್ರಿಯೆಂಬ ಭೇದವಿಲ್ಲ. ಸರಿರಾತ್ರಿಯಲ್ಲಿಯೂ ಗದ್ದೆಗೆ ನೀರು ಕಟ್ಟಲು ಹೋಗಬೇಕು. ಬತ್ತವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. 2000ದಿಂದ 2019ರವರೆಗಿನ ಸಾವುಗಳನ್ನು ಪರಿಶೀಲಿಸಿದ ತಜ್ಞರು, ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಚ್ಚಿ ಸಾಯುತ್ತಾರೆಂದು ಅಂದಾಜು ಮಾಡಿದ್ದಾರೆ. ಇವರಲ್ಲಿ ಬಹುಪಾಲು ಹಳ್ಳಿಯವರೇ.

ಹೆಚ್ಚು ಪ್ರಾಣ ತೆಗೆಯುವ ಹಾವುಗಳು ನಾಲ್ಕು. ನಾಗರಹಾವು, ತಮಿಳರ ನಲ್ಲ ಪಾಂಬು. ಕಟ್ಟುಹಾವು, ಅವರ ಕಟ್ಟುವಿರಿಯನ್. ಕೊಳಕುಮಂಡಲ, ಅವರ ಕಣ್ಣಾಡಿ ವಿರಿಯನ್. ಗರಗಸ ಮಂಡಲ, ಅವರ ಸುರುಟ್ಟೈ ವಿರಿಯನ್. ಮನೆಯಲ್ಲಿ ಕನ್ನಡವಾಡುವ ನಾವು ಆಸ್ಪತ್ರೆಯಲ್ಲಿ ತಮಿಳಿನಲ್ಲಿ ಹೇಳಬೇಕಾಗುವುದರಿಂದ ಎರಡು ಹೆಸರನ್ನೂ ಅರಿತಿರುವುದು ಒಳ್ಳೆಯದು.

ಮೊದಲಿನೆರಡರ ವಿಷ ನರಗಳಿಗೆ ಏರುತ್ತದೆ. ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರು ನಿಲ್ಲುತ್ತದೆ. ಮಂಡಲಗಳ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಗಾಯ ಊದಿ, ಒಸಡಿನಲ್ಲಿಯೂ ಮೂತ್ರದಲ್ಲಿಯೂ ರಕ್ತ ಕಾಣಬಹುದು. ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುವುದುಂಟು. ಆಗ ನೋವೂ ಇರದು, ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವರ ರೆಪ್ಪೆ ಜೋತಿದ್ದರೆ ಅಜೀರ್ಣವೆಂದು ಕಷಾಯ ಕುಡಿಸುತ್ತ ಕೂರಬೇಡಿ.

ಕಚ್ಚಿದಾಗ ಮಾಡತಕ್ಕದ್ದು ಇಷ್ಟು: ಕಚ್ಚಿಸಿಕೊಂಡವರಿಗೆ ಧೈರ್ಯ ಹೇಳಿ ಮಲಗಿಸಿರಿ. ಉಂಗುರ, ಬಳೆ, ಕಾಲುಂಗುರಗಳನ್ನು ತೆಗೆಯಿರಿ. ಮುರಿದ ಮೂಳೆಗೆ ಕಟ್ಟುವಂತೆ ಕೈಕಾಲಿಗೆ ದಬ್ಬೆಯಿಟ್ಟು, ಬಿಗಿಯದೆ ಬಟ್ಟೆ ಸುತ್ತಿ ಅಲುಗದಂತೆ ಇರಿಸಿರಿ. ಅವರನ್ನು ನಡೆಸಕೂಡದು. 108ಕ್ಕೆ ಕರೆ ಮಾಡಿರಿ. ಆ ಗಾಡಿ ತಡವೆಂದಾದರೆ ಇಬ್ಬರ ನಡುವೆ ಕೂರಿಸಿಕೊಂಡು ಮೋಟಾರು ಸೈಕಲ್ಲಿನಲ್ಲಾದರೂ ಹೊರಡಿರಿ. ಕಚ್ಚಿದ ಹೊತ್ತನ್ನು ನೆನಪಿಡಿ.

ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು, ಸುಡುವುದು, ಸೊಪ್ಪಿನ ರಸ ಹಾಕುವುದು ಕೂಡದು. ಬಿಗಿದ ಹಗ್ಗದಿಂದ ಕಾಲೇ ಕೊಳೆತು ಹೋಗಬಹುದು. ಯಾರಾದರೂ ಆಗಲೇ ಬಿಗಿದಿದ್ದರೆ ಥಟ್ಟನೆ ಬಿಚ್ಚದೆ ಡಾಕ್ಟರರ ಮುಂದೆಯೇ ಬಿಚ್ಚಿಸಿರಿ. ಹಾವನ್ನು ಹಿಡಿಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳುವುದು ಬೇಡ.

ಮಂತ್ರದಿಂದ ಬದುಕಿದವರಿಲ್ಲವೇ ಎಂದು ಹಿರಿಯರು ಕೇಳಬಹುದು. ಇದ್ದಾರೆ. ಕಚ್ಚಿದ ಹಾವುಗಳಲ್ಲಿ ವಿಷವಿಲ್ಲದವೇ ಹೆಚ್ಚು. ವಿಷದ ಹಾವೂ ಒಮ್ಮೊಮ್ಮೆ ವಿಷವಿಳಿಸದೆ ಬರಿದೇ ಕಚ್ಚುತ್ತದೆ. ಅಂಥವರು ಮಂತ್ರವಿಲ್ಲದೆಯೂ ಬದುಕುತ್ತಿದ್ದರು. ವಿಷವೇರಿದವನಿಗಾದರೋ ಆ ಒಂದೆರಡು ಗಂಟೆಯೇ ಪ್ರಾಣ.

ಆಸ್ಪತ್ರೆಯಲ್ಲಿ ಸ್ವಲ್ಪ ರಕ್ತವನ್ನು ಗಾಜಿನ ನಳಿಗೆಯಲ್ಲಿಟ್ಟು 20 ನಿಮಿಷ ಅಲುಗಿಸದೆ ಬಿಡುತ್ತಾರೆ. ಹೆಪ್ಪುಗಟ್ಟದಿದ್ದರೆ ವಿಷವೇರಿದೆಯೆಂದು ಅರ್ಥ. ನರದ ವಿಷವನ್ನು ರೆಪ್ಪೆ, ಉಸಿರು ನೋಡಿ ತಿಳಿಯುತ್ತಾರೆ. ವಿಷವೇರಿದ್ದರೆ ಮಾತ್ರ ಪ್ರತಿವಿಷ ಕೊಡುತ್ತಾರೆ. ಮೊದಲಿಗೆ ಸಾಮಾನ್ಯವಾಗಿ 8ರಿಂದ 10 ಸೀಸೆ. ಮಗುವಿಗೂ ಅಷ್ಟೇ, ಏಕೆಂದರೆ ಹಾವು ಮಗುವೆಂದು ಕಡಿಮೆ ವಿಷ ಬಿಡುವುದಿಲ್ಲ. ಈ ಮದ್ದಿನಿಂದ ಕೆಲವರಿಗೆ ಗಂದೆ, ನಡುಕ ಬರುವುದುಂಟು. ಅದಕ್ಕೂ ಔಷಧಿಯಿರುವುದರಿಂದಲೇ ಇದನ್ನು ಆಸ್ಪತ್ರೆಯಲ್ಲಿಯೇ ಕೊಡಬೇಕು.

ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಕುದುರೆಗೆ ಚುಚ್ಚಿ, ಅದರ ರಕ್ತದಿಂದ ಪ್ರತಿವಿಷ ತೆಗೆಯುತ್ತಾರೆ. ಅದಕ್ಕೆ ವಿಷ ಒದಗಿಸುವವರಲ್ಲಿ ಮುಖ್ಯರು ಮಹಾಬಲಿಪುರದ ಬಳಿಯ ವಡನೆಮ್ಮೇಲಿಯಲ್ಲಿ 1978ರಲ್ಲಿ ಸಹಕಾರ ಸಂಘ ಕಟ್ಟಿದ ಇರುಳರು. ಅವರಲ್ಲಿ ವಡಿವೇಲ್ ಗೋಪಾಲ್, ಮಾಸಿ ಸಡೈಯನ್ ಇಬ್ಬರಿಗೆ 2023ರಲ್ಲಿ ಪದ್ಮಶ್ರೀ ಬಂತು. ಹಾವು ಹಿಡಿಯುವ ಕಸುಬಿನವರ ವಿದ್ಯೆಯೇ ಇಂದು ಸೂಜಿಮದ್ದಾಗಿ ಬಂದಿದೆಯೆಂದರೆ, ಅದನ್ನು ಪರರ ಮದ್ದೆಂದು ದೂರವಿಡಲು ಕಾರಣವಿಲ್ಲ.

ರಾತ್ರಿ ಹೊಲಕ್ಕೆ ಹೋಗುವಾಗ ಟಾರ್ಚು ಹಿಡಿಯಿರಿ, ಬೂಟು ತೊಡಿರಿ. ಮಂಚದ ಮೇಲೆ, ಅಂಚು ಸಿಕ್ಕಿಸಿದ ಸೊಳ್ಳೆಪರದೆಯೊಳಗೆ ಮಲಗಿರಿ. ಸೌದೆ, ಹುಲ್ಲುಬಣವೆಗಳನ್ನು ಮನೆಯ ಗೋಡೆಗೆ ಒತ್ತಿ ಇಡಬೇಡಿ.

ಕುಲದೈವಕ್ಕೆ ಹರಕೆ ಹೊರಬೇಕೆಂದಿದ್ದರೆ ಧಾರಾಳವಾಗಿ ಹೊರಿರಿ. ಆದರೆ ಆಸ್ಪತ್ರೆಗೆ ಹೋಗುವ ಗಾಡಿಯಲ್ಲಿ ಕುಳಿತುಕೊಂಡು ಹೊರಿರಿ.