ಗಟ್ಟಿ ಆ್ಯಸಿಡ್, ಗಟ್ಟಿ ಕಲ್ಲು

ಇಳಕಲ್ಲಿನ ಹೊಸ ಮನೆ. ನೆಲಕ್ಕೆ ಊರಿನದೇ ಕೆಂಪು ಗ್ರಾನೈಟ್, ಅದರ ಮೇಲೆ ಅಲ್ಲಲ್ಲಿ ಸಿಮೆಂಟಿನ ಬಿಳಿ ಕಲೆ. ಗೌಂಡಿ ಬಾಟಲಿಯ ಬಿರಡೆ ತಿರುವುತ್ತ ಅನ್ನುತ್ತಾನೆ: "ನೀರು ಬೆರಸಬ್ಯಾಡ್ರಿ ಯಕ್ಕಾ, ಹಂಗ ಸುರೀರಿ. ಗಟ್ಟಿ ಇದ್ದಷ್ಟು ಲಗೂನ ಕೀಳ್ತದ."

ಅವನ ಮಾತು ಅರ್ಧ ಸರಿ. ಬಾಟಲಿಯಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದರ ಕಣಗಳು ಕಲೆಗೆ ಬಡಿದಾಗಲೇ ಕ್ರಿಯೆ. ಒಂದು ಹನಿಯಲ್ಲಿ ಕಣ ಹೆಚ್ಚಿದ್ದರೆ ಸೆಕೆಂಡಿಗೆ ಬಡಿತವೂ ಹೆಚ್ಚು, ಕೆಲಸವೂ ಬೇಗ. ವಾರದ ಸಂತೆಯಲ್ಲಿ ಹೆಗಲಿಗೆ ಹೆಗಲು ತಾಗುವುದಕ್ಕೂ ಬೇರೆ ದಿನ ಅದೇ ಬೀದಿ ಖಾಲಿ ಇರುವುದಕ್ಕೂ ಇರುವಷ್ಟೇ ವ್ಯತ್ಯಾಸ.

ಕೆಟ್ಟದ್ದು ಉಳಿದರ್ಧ. ಆ್ಯಸಿಡ್ ಗಟ್ಟಿಯಾದರೆ ಫಲವೂ ಹೆಚ್ಚು ಎಂದು ಜನ ತಿಳಿಯುತ್ತಾರೆ. ಬಾಗಲಕೋಟೆ, ಲೋಕಾಪುರದ ಕಡೆ ಸಿಮೆಂಟಿಗೆ ಅಗೆಯುವ ಸುಣ್ಣದಕಲ್ಲಿನ ಒಂದೊಂದು ಗ್ರಾಂ ಪುಡಿಯನ್ನು ಎರಡು ಲೋಟಗಳಿಗೆ ಹಾಕಿ. ಒಂದಕ್ಕೆ ಸೇಕಡಾ 5ರ ಆಮ್ಲ, ಇನ್ನೊಂದಕ್ಕೆ 10ರದು, ಎರಡರಲ್ಲೂ ಬೇಕಾದಷ್ಟು. ಎರಡನೆಯದು ಬುಸ್ಸೆಂದು ಉಕ್ಕಿ ಮೊದಲೇ ಮುಗಿಯುತ್ತದೆ. ಆದರೆ ಕಲ್ಲು ಶುದ್ಧವಾಗಿದ್ದರೆ ಎರಡೂ ಕೊಡುವ ಕಾರ್ಬನ್ ಡೈಆಕ್ಸೈಡ್ ಒಂದೇ ಅಳತೆ, ಹೆಚ್ಚುಕಡಿಮೆ 240 ಮಿಲಿಲೀಟರ್. ಗಾಢತೆ ಬದಲಿಸಿದ್ದು ಹೊತ್ತನ್ನು ಮಾತ್ರ. ಎಷ್ಟು ಅನಿಲ ಎಂಬುದನ್ನು ಗೊತ್ತು ಮಾಡಿದ್ದು ಕಲ್ಲು.

ಕಲ್ಲಿನ ಜಾತಿಯೂ ಮುಖ್ಯ. ಭೂವಿಜ್ಞಾನಿಗಳು ಜೇಬಿನಲ್ಲಿ ಒಯ್ಯುವುದು ಸೇಕಡಾ 10ರಷ್ಟು ತೆಳು ಆಮ್ಲದ ಪುಟ್ಟ ಶೀಶೆ. ಸುಣ್ಣದಕಲ್ಲಿನ ಮೇಲೆ ಹನಿ ಬಿದ್ದೊಡನೆ ನೊರೆ. ಅದರ ದಾಯಾದಿ ಡಾಲೊಮೈಟ್ ಸುಮ್ಮನಿರುತ್ತದೆ. ಚಾಕುವಿನಿಂದ ಕೆರೆದು ಪುಡಿ ಮಾಡಿದರಷ್ಟೇ ಸಣ್ಣಗೆ ಗುಳ್ಳೆ ಏಳುತ್ತವೆ. ಆಮ್ಲ ಅದೇ, ಗಾಢತೆ ಅದೇ, ಬದಲಾದದ್ದು ಕಣಕ್ಕೆ ಸಿಕ್ಕ ಮೈ. ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ ಇರುವುದು ಬಹುಪಾಲು ಸಿಲಿಕ, ಅಲ್ಲಿ ನೊರೆ ಇಲ್ಲ. (ಪರೀಕ್ಷೆಗೆ ದಾರಿಬದಿಯ ಚೂರು ಸಾಕು, 578ರ ಶಾಸನವಿರುವ ಮೂರನೆಯ ಗುಹೆಯ ಹತ್ತಿರ ಶೀಶೆ ತೆಗೆಯಬೇಡಿ.) ಇಳಕಲ್ ಗ್ರಾನೈಟ್ ಕೂಡ ಕ್ವಾರ್ಟ್ಸ್, ಫೆಲ್ಡ್‌ಸ್ಪಾರ್‌ಗಳ ಕಲ್ಲು, ಗೌಂಡಿಯ ಬಾಟಲಿಗೆ ಸುಲಭಕ್ಕೆ ಬಗ್ಗುವುದಿಲ್ಲ.

ಗಾಢವಾದದ್ದೆಲ್ಲ ಪ್ರಬಲ ಅನ್ನುವುದೂ ತಪ್ಪೇ. ಇವು ಎರಡು ಬೇರೆ ಮಾತು. ಅಡುಗೆಮನೆಯ ವಿನೆಗರ್‌ನಲ್ಲಿ ಅಸಿಟಿಕ್ ಆಮ್ಲ ಸೇಕಡಾ 4–5 ಇರುತ್ತದೆ, ಆದರೆ ಅದರ ನೂರು ಅಣುಗಳಲ್ಲಿ ಒಂದು ಕೂಡ ಹೈಡ್ರೋಜನ್ ಅಯಾನು ಬಿಟ್ಟುಕೊಡುವುದಿಲ್ಲ. ಹೈಡ್ರೋಕ್ಲೋರಿಕ್ ಆಮ್ಲ ನೀರಿನಲ್ಲಿ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ವಿನೆಗರ್‌ನಲ್ಲಿಟ್ಟ ಮೊಟ್ಟೆಯ ಚಿಪ್ಪು ಕರಗಲು ಒಂದು ದಿನವಾದರೂ ಬೇಕು.

ಇನ್ನು ಗಾಢವಾದಷ್ಟೂ ವೇಗ ಎಂಬ ನಿಯಮವೇ ತಲೆಕೆಳಗಾಗುವ ಜಾಗ ಗಂಧಕಾಮ್ಲ. ಸೇಕಡಾ 98ರ ಗಂಧಕಾಮ್ಲವನ್ನು ಉಕ್ಕಿನ ಟ್ಯಾಂಕರಿನಲ್ಲೇ ಸಾಗಿಸುತ್ತಾರೆ. ಅದರಲ್ಲಿ ನೀರು ಇಲ್ಲವೆನ್ನುವಷ್ಟು ಕಡಿಮೆ, ಅಯಾನುಗಳೂ ವಿರಳ, ಮೇಲಾಗಿ ಉಕ್ಕಿನ ಮೈಮೇಲೆ ಕಬ್ಬಿಣದ ಸಲ್ಫೇಟಿನ ಪದರ ಕೂತು ಅಡ್ಡ ನಿಲ್ಲುತ್ತದೆ. ಅದೇ ಆಮ್ಲಕ್ಕೆ ನೀರು ಸೇರಿದರೆ ಕಬ್ಬಿಣವನ್ನು ತಿನ್ನತೊಡಗುತ್ತದೆ. ಟ್ರ್ಯಾಕ್ಟರ್ ಬ್ಯಾಟರಿಯಲ್ಲಿರುವುದು ಸುಮಾರು ಸೇಕಡಾ 35ರದು. ಚಾರ್ಜಾಗುವಾಗ ಖರ್ಚಾಗುವುದು ನೀರು, ಆಮ್ಲ ಒಳಗೇ ಉಳಿಯುತ್ತದೆ. ಹುನಗುಂದದ ಗ್ಯಾರೇಜಿನಲ್ಲೇ ಆಗಲಿ, ಮಟ್ಟ ಇಳಿಯಿತೆಂದು ಆ್ಯಸಿಡ್ ಸುರಿದರೆ ಬ್ಯಾಟರಿಗೆ ಬಲ ಬರುವುದಿಲ್ಲ, ಪ್ಲೇಟು ಬೇಗ ಸವೆಯುತ್ತವೆ. ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್.

ಕಲೆ ಹೋಗಲೆಂದು ಆ್ಯಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಕೂಡಿಸುವವರೂ ಇದ್ದಾರೆ. ಅಲ್ಲಿ ಏಳುವುದು ಕ್ಲೋರಿನ್, ಪುಪ್ಪುಸವನ್ನೇ ಸುಡುವ ಅನಿಲ. ಆಮ್ಲ ಗಟ್ಟಿಯಿದ್ದಷ್ಟು ಅದು ಬೇಗ ಏಳುತ್ತದೆ.

ಮತ್ತೆ ಇಳಕಲ್ಲಿನ ಮನೆಗೆ. ಅಕ್ಕ ಗೌಂಡಿಯ ಮಾತು ಕೇಳಿ ಹಾಗೇ ಸುರಿದರು. ಕಲೆ ಹೋಯಿತು. ಮೂಗು ಉರಿಸಿದ ಬಿಳಿ ಹೊಗೆ ಗಾಢ ಆಮ್ಲದಿಂದ ಹಾರಿಹೋದ ಹೈಡ್ರೋಜನ್ ಕ್ಲೋರೈಡ್. ನೆಲಕ್ಕೆಂದು ಕೊಟ್ಟ ದುಡ್ಡಿನಲ್ಲಿ ಒಂದು ಪಾಲು ಗಾಳಿಗೆ ಹೋಯಿತು, ವಾರದೊಳಗೆ ಪಕ್ಕದ ನಲ್ಲಿಗೆ ತುಕ್ಕೂ ಹಿಡಿಯಿತು. ಗ್ರಾನೈಟ್ ಹಾಗೇ ಹೊಳೆಯುತ್ತಿದೆ. ಹಾಸುಗಲ್ಲುಗಳ ನಡುವಿನ ಸಂದಿನಲ್ಲಿ ಬೆರಳಾಡಿಸಿದರೆ ಮಾತ್ರ ಸಿಮೆಂಟು ಮರಳಾಗಿ ಉದುರುತ್ತದೆ.