ತುಂಟತನವೆಂದು ಸುಮ್ಮನಿರಬೇಡಿ: ಎಡಿಎಚ್‌ಡಿ ಮತ್ತು ಮಕ್ಕಳ ಮನಸ್ಸು

"ಒಂದು ಕಡೆ ಕೂರುವುದಿಲ್ಲ, ಹೇಳಿದ್ದು ಕಿವಿಗೆ ಹಾಕಿಕೊಳ್ಳುವುದಿಲ್ಲ, ದಿನಾ ಶಾಲೆಯಿಂದ ದೂರು" ಎಂದು ಹೇಳುತ್ತಾ ಅನೇಕ ಪಾಲಕರು ಆಸ್ಪತ್ರೆಗೆ ಬರುತ್ತಾರೆ. ಚೂಟಿಯಾದ ಮಕ್ಕಳೆಲ್ಲ ರೋಗಿಗಳಲ್ಲ. ಆದರೆ ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಗಮನ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ ಇರುತ್ತದೆ. ವೈದ್ಯರು ಇದನ್ನು ಎಡಿಎಚ್‌ಡಿ ಎನ್ನುತ್ತಾರೆ.

ಲಕ್ಷಣಗಳು

* ಹಿಡಿದ ಕೆಲಸ ಅರ್ಧಕ್ಕೇ ಬಿಡುವುದು, ಪುಸ್ತಕ, ಪೆನ್ನು ಕಳೆದುಕೊಳ್ಳುವುದು, ಮರೆವು.
* ಕೈಕಾಲು ಸುಮ್ಮನಿರದೆ ಸದಾ ಓಡಾಟ, ಅತಿಯಾದ ಮಾತು.
* ಸರದಿ ಕಾಯದಿರುವುದು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುವುದು.

ಇವು 12 ವರ್ಷದೊಳಗೆ ಶುರುವಾಗಿ, 6 ತಿಂಗಳಿಗಿಂತ ಹೆಚ್ಚು ಕಾಲ, ಮನೆ ಮತ್ತು ಶಾಲೆ ಎರಡರಲ್ಲೂ ಕಂಡುಬಂದು ಓದಿಗೆ, ಒಡನಾಟಕ್ಕೆ ಅಡ್ಡಿಯಾದರೆ ಪರೀಕ್ಷೆ ಮಾಡಿಸಬೇಕು. ಹೆಣ್ಣುಮಕ್ಕಳು ಗಲಾಟೆ ಮಾಡದೆ, ಕನಸು ಕಾಣುವವರಂತೆ ಸುಮ್ಮನೆ ಕುಳಿತಿರಬಹುದು. ಆದ್ದರಿಂದ ಅವರ ತೊಂದರೆ ಬೇಗ ತಿಳಿಯುವುದಿಲ್ಲ.

ಇದು ಹೆಚ್ಚಾಗಿ ವಂಶವಾಹಿಯಿಂದ ಬರುತ್ತದೆ. ತಾಯಿಯ ಮುದ್ದು, ಗ್ರಹದೋಷ, ದೃಷ್ಟಿ ಇದಕ್ಕೆ ಕಾರಣವಲ್ಲ. ಹೊಡೆದರೆ ವಾಸಿಯಾಗುವುದೂ ಇಲ್ಲ.

ಒಂದರ ಜೊತೆ ಇನ್ನೊಂದು

ಪಾಲಕರು ಮುಖ್ಯವಾಗಿ ತಿಳಿಯಬೇಕಾದದ್ದು ಇದು: ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮತ್ತೊಂದು ತೊಂದರೆಯೂ ಇರುತ್ತದೆ.

* ಕಲಿಕಾ ನ್ಯೂನತೆ: ಬುದ್ಧಿ ಚುರುಕಾಗಿದ್ದರೂ ಓದು, ಬರಹ ಅಥವಾ ಲೆಕ್ಕ ಬಾರದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಇದೂ ಸೇರಿದೆ.
* ಆತಂಕ: ಪರೀಕ್ಷೆ ಬಂದರೆ ಹೊಟ್ಟೆನೋವು, ಎದೆ ಹೊಡೆತ, ಶಾಲೆಗೆ ಹೋಗಲು ಭಯ.
* ಖಿನ್ನತೆ: ಆಟ ಬೇಡ, ಊಟ ಬೇಡ, ನಿದ್ದೆ ಇಲ್ಲ, ಸದಾ ಸಿಡುಕು.
* ಹಟ, ಎದುರು ಮಾತು, ಜಗಳ. ಹದಿಹರೆಯದಲ್ಲಿ ಗುಟ್ಕಾ, ಮದ್ಯದ ಚಟ.

ಚಿಕ್ಕಂದಿನಿಂದ "ದಡ್ಡ", "ಪುಂಡ" ಎಂದೇ ಕರೆಸಿಕೊಂಡ ಮಗು ಹತ್ತನೇ ತರಗತಿಗೆ ಬರುವಷ್ಟರಲ್ಲಿ ತನ್ನ ಮೇಲಿನ ನಂಬಿಕೆಯನ್ನೇ ಕಳೆದುಕೊಂಡಿರುತ್ತದೆ. ಓಡಾಟ ಕಡಿಮೆಯಾಯಿತೆಂದು ನಾವು ಸಮಾಧಾನಪಡುವ ಹೊತ್ತಿಗೆ ಒಳಗೆ ಖಿನ್ನತೆ ಬೆಳೆದಿರಬಹುದು.

ಕೆಲವೊಮ್ಮೆ ಇದು ತಿರುಗುಮುರುಗಾಗಿಯೂ ಇರುತ್ತದೆ. ಕಿವಿ ಅಥವಾ ಕಣ್ಣಿನ ದೋಷ, ನಿದ್ರೆಗೇಡು, ಒಂದು ಬಗೆಯ ಮೂರ್ಛೆ ಇದ್ದರೂ ಮಗು ಗಮನ ಕೊಡದು. ತಂದೆತಾಯಿ ಗುಳೆ ಹೋದಾಗ ಅಜ್ಜಿಯ ಬಳಿ ಉಳಿದ ಮಗು ಚಿಂತೆಯಿಂದಲೂ ಚಂಚಲವಾಗಬಹುದು. ಆದ್ದರಿಂದ "ಯಾವಾಗಿನಿಂದ ಹೀಗೆ?" ಎಂಬ ವೈದ್ಯರ ಪ್ರಶ್ನೆಗೆ ಸರಿಯಾಗಿ ಉತ್ತರಿಸಿ. ಶಿಕ್ಷಕರ ಅಭಿಪ್ರಾಯವನ್ನು ಬರೆಸಿ ತನ್ನಿ.

ಚಿಕಿತ್ಸೆ

ಪಾಲಕರಿಗೆ ತರಬೇತಿ, ಶಾಲೆಯ ಸಹಕಾರ, ಆಪ್ತಸಮಾಲೋಚನೆ, ಬೇಕಿದ್ದರೆ ಮಾತ್ರೆ. ಮೀಥೈಲ್‌ಫೆನಿಡೇಟ್, ಅಟೊಮಾಕ್ಸೆಟಿನ್ ಮಾತ್ರೆಗಳನ್ನು ತಜ್ಞರ ಚೀಟಿ ಇಲ್ಲದೆ ಕೊಡಬಾರದು. ಹಸಿವು ಕುಗ್ಗಬಹುದು, ಆದ್ದರಿಂದ ತೂಕ, ಎತ್ತರ, ರಕ್ತದೊತ್ತಡ ನೋಡಿಸುತ್ತಿರಬೇಕು. ಜೊತೆಗಿರುವ ತೊಂದರೆಗೂ ಚಿಕಿತ್ಸೆ ಬೇಕೇ ಬೇಕು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಔಷಧ ಕೊಟ್ಟರೆ ಪೂರ್ಣ ಗುಣ ಕಾಣದು.

ಮನೆಯಲ್ಲಿ ಹೀಗೆ ಮಾಡಿ

1. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಮುಖ ನೋಡಿ ಹೇಳಿ.
2. ಓದು 15–20 ನಿಮಿಷ, ನಂತರ ಸ್ವಲ್ಪ ಬಿಡುವು.
3. ಊಟ, ನಿದ್ದೆ, ಆಟಕ್ಕೆ ದಿನವೂ ಒಂದೇ ಹೊತ್ತು. ಮಲಗುವ ಮುನ್ನ ಮೊಬೈಲ್ ಬೇಡ.
4. ಒಳ್ಳೆಯದು ಮಾಡಿದ ಕೂಡಲೇ ಶಹಭಾಸ್ ಎನ್ನಿ.
5. ಬೇರೆ ಮಕ್ಕಳೊಂದಿಗೆ ಹೋಲಿಸಬೇಡಿ.

ತಡಮಾಡಬೇಡಿ

"ನಾನಿದ್ದು ಏನು ಪ್ರಯೋಜನ" ಎಂದರೆ, ಕೈ ಕೊಯ್ದುಕೊಂಡರೆ, ಇದ್ದಕ್ಕಿದ್ದಂತೆ ಯಾರೊಡನೆಯೂ ಮಾತು ಬಿಟ್ಟರೆ, ಅದೇ ದಿನ ಆಸ್ಪತ್ರೆಗೆ ಕರೆತನ್ನಿ. ಮಗುವನ್ನು ಒಂಟಿಯಾಗಿ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧಿಯನ್ನು ಬೀಗ ಹಾಕಿಡಿ. ಸಾಯುವ ವಿಚಾರ ಬರುತ್ತಿದೆಯೇ ಎಂದು ಪ್ರೀತಿಯಿಂದ ಕೇಳಿದರೆ ತಪ್ಪಿಲ್ಲ. ಕೇಳುವುದರಿಂದ ಆ ವಿಚಾರ ಹುಟ್ಟುವುದಿಲ್ಲ.

ಎಲ್ಲಿ ತೋರಿಸಬೇಕು?

ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಭಾಗದವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ, ಮಾನಸಿಕ ತಜ್ಞರು ಬರುವ ದಿನ ತಿಳಿದುಕೊಳ್ಳಿ. ಹೆಚ್ಚಿನ ಪರೀಕ್ಷೆಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಮಾನಸಿಕ ಚಿಕಿತ್ಸೆಗೆ ಸಂಕೋಚ ಬೇಡ. 1985ರಲ್ಲಿ ನಿಮ್ಹಾನ್ಸ್‌ನವರು ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಚಿಕಿತ್ಸೆ ಕೊಡುವ ಪ್ರಯೋಗ ಆರಂಭಿಸಿದ್ದು ನಮ್ಮ ಅಂದಿನ ಬಳ್ಳಾರಿ ಜಿಲ್ಲೆಯಲ್ಲೇ. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಜ್ವರಕ್ಕೆ ತೋರಿಸುವಂತೆಯೇ ಮಗುವಿನ ಮನಸ್ಸಿನ ತೊಂದರೆಗೂ ತೋರಿಸಿ.