ಕೇಳಿಸಿದರೆ ಸಾಲದು, ಕೇಳುವ ಶ್ರಮವನ್ನೂ ಅಳೆಯಬೇಕು

"ಡಾಕ್ಟ್ರೇ, ಆಪರೇಷನ್ ಆಗಿ ಮಷಿನ್ ಹಾಕಿದ್ದಾರೆ, ಈಗ ಕೇಳಿಸುತ್ತೆ, ಮಾತೂ ಬಂದಿದೆ. ಆದರೆ ಶಾಲೆಯಿಂದ ಬಂದ ತಕ್ಷಣ ಮಷಿನ್ ಕಿತ್ತಿಟ್ಟು ಮೂಲೆ ಹಿಡಿಯುತ್ತದೆ. ಕರೆದರೆ ರೇಗುತ್ತದೆ. ಇದು ಸೋಮಾರಿತನವೋ, ಹಟವೋ?"

ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿದ ಮಕ್ಕಳ ತಾಯಂದಿರು ನಮ್ಮಂತಹ ವೈದ್ಯರ ಬಳಿ ಕೆಮ್ಮು ನೆಗಡಿಗೆ ಔಷಧಿ ಕೇಳಲು ಬಂದಾಗ, ಕೊನೆಯಲ್ಲಿ ಹೀಗೊಂದು ಪ್ರಶ್ನೆ ಇಡುವುದುಂಟು. ನಿಮ್ಮ ಮನೆಯಲ್ಲೂ ಅಂತಹ ಮಗು ಇದ್ದರೆ, ಅಥವಾ ವಯಸ್ಸಾದ ಮೇಲೆ ಕಿವಿ ಹೋಗಿ ಇಂಪ್ಲಾಂಟ್ ಹಾಕಿಸಿಕೊಂಡ ಹಿರಿಯರಿದ್ದರೆ, ಈ ಲೇಖನ ನಿಮಗಾಗಿ. ಹೆಚ್ಚಿನ ಸಂದರ್ಭಗಳಲ್ಲಿ ಅದು ಸೋಮಾರಿತನವಲ್ಲ, ಹಟವೂ ಅಲ್ಲ. ಅದು ದಣಿವು. ಕೇಳಿ ಕೇಳಿ ಆದ ದಣಿವು.

ಯಂತ್ರ ಕೊಡುವುದೇನು?

ಸಾಧಾರಣ ಹಿಯರಿಂಗ್ ಏಡ್ ಶಬ್ದವನ್ನು ದೊಡ್ಡದು ಮಾಡಿ ಕಿವಿಗೆ ಬಿಡುತ್ತದೆ. ಕಾಕ್ಲಿಯರ್ ಇಂಪ್ಲಾಂಟ್ ಹಾಗಲ್ಲ. ಕಿವಿಯ ಹಿಂದಿನ ಪ್ರೊಸೆಸರ್ ಶಬ್ದವನ್ನು ಹಿಡಿದು ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ತಲೆಗೆ ಆಯಸ್ಕಾಂತದಿಂದ ಅಂಟಿಕೊಂಡ ಬಿಲ್ಲೆ ಅದನ್ನು ಚರ್ಮದೊಳಗಿನ ಭಾಗಕ್ಕೆ ತಲುಪಿಸುತ್ತದೆ. ಅಲ್ಲಿಂದ ಕಾಕ್ಲಿಯಾ ಎಂಬ ಬಸವನಹುಳುವಿನ ಆಕಾರದ ಒಳಕಿವಿಯಲ್ಲಿರುವ ಸಣ್ಣ ವಿದ್ಯುತ್ ತುದಿಗಳು ನರವನ್ನು ನೇರವಾಗಿ ಎಬ್ಬಿಸುತ್ತವೆ.

ಇಲ್ಲೇ ಗಮನಿಸಬೇಕಾದ ಲೆಕ್ಕವೊಂದಿದೆ. ಆರೋಗ್ಯವಂತ ಒಳಕಿವಿಯಲ್ಲಿ ಶಬ್ದವನ್ನು ನರಕ್ಕೆ ಒಪ್ಪಿಸುವ ಒಳಸಾಲಿನ ರೋಮಕೋಶಗಳು ಸುಮಾರು 3,500. ಇಂಪ್ಲಾಂಟಿನ ವಿದ್ಯುತ್ ತುದಿಗಳು ಸಾಮಾನ್ಯವಾಗಿ 12ರಿಂದ 22. ಅಂದರೆ ಸಾವಿರಾರು ಎಳೆಗಳಿಂದ ನೇಯ್ದ ಬಟ್ಟೆಯ ಬದಲು ಇಪ್ಪತ್ತು ದಾರದ ಬಟ್ಟೆ ಮೆದುಳಿಗೆ ಸಿಗುತ್ತದೆ. ಇಷ್ಟರಿಂದಲೇ ಮಾತು ಅರ್ಥವಾಗುತ್ತದೆ ಎಂಬುದು ಅಲ್ಲಾಹನು ಮೆದುಳಿಗೆ ಕೊಟ್ಟ ಶಕ್ತಿಯ ದೊಡ್ಡ ಸಾಕ್ಷಿ. ಆದರೆ ನಡುವಿನ ತೂತುಗಳನ್ನು ತುಂಬುವ ಕೆಲಸ ಮೆದುಳಿನದೇ.

ಉದಾಹರಣೆಗೆ 'ಹಲ್ಲಿ' ಮತ್ತು 'ಹಳ್ಳಿ' ಎಂಬ ಎರಡು ಪದಗಳನ್ನು ತೆಗೆದುಕೊಳ್ಳಿ. ನಮಗೆ ಎರಡೂ ಬೇರೆ ಬೇರೆಯಾಗಿಯೇ ಕೇಳಿಸುತ್ತವೆ. ಇಂಪ್ಲಾಂಟ್ ಇರುವ ಮಗುವಿಗೆ ಎರಡೂ ಒಂದೇ ರೀತಿ ಕೇಳಿಸಬಹುದು. "ರಜೆಯಲ್ಲಿ ಅಜ್ಜಿಯ ಹಳ್ಳಿಗೆ ಹೋದೆವು" ಎಂದಾಗ ಅದು 'ಅಜ್ಜಿ', 'ರಜೆ', 'ಹೋದೆವು' ಎಂಬ ಪದಗಳನ್ನೆಲ್ಲ ಜೋಡಿಸಿ, ಇದು ಗೋಡೆಯ ಹಲ್ಲಿಯಲ್ಲ, ಊರು ಎಂದು ತೀರ್ಮಾನಿಸುತ್ತದೆ. ಅಷ್ಟರಲ್ಲಿ ಟೀಚರ್ ಮುಂದಿನ ವಾಕ್ಯಕ್ಕೆ ಹೋಗಿರುತ್ತಾರೆ. ದಿನಕ್ಕೆ ಆರು ಗಂಟೆ ಹೀಗೆಯೇ ನಡೆದರೆ ಏನಾಗಬಹುದು, ಯೋಚಿಸಿ. ನಮ್ಮ ಮಕ್ಕಳಿಗೆ ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಮದ್ರಸದಲ್ಲಿ ಅರಬಿಯ ಅಕ್ಷರಗಳು ಬೇರೆ. 'ಸೀನ್', 'ಸ್ವಾದ್' ಬೇರೆ ಮಾಡಿ ಕೇಳುವುದು ಈ ಮಗುವಿಗೆ ಎಷ್ಟು ಕಷ್ಟವೆಂಬುದನ್ನು ಉಸ್ತಾದರಿಗೂ ತಿಳಿಸಿ.

ಶ್ರಮವನ್ನು ಅಳೆಯುವುದು ಹೇಗೆ?

ಆಸ್ಪತ್ರೆಯ ಶಬ್ದರಹಿತ ಕೋಣೆಯಲ್ಲಿ ಪದ ಹೇಳಿ, ಮಗು ಎಷ್ಟನ್ನು ಸರಿಯಾಗಿ ಮರಳಿ ಹೇಳಿತು ಎಂದು ಎಣಿಸುತ್ತಾರೆ. ಹತ್ತಕ್ಕೆ ಒಂಬತ್ತು ಬಂದರೆ ಎಲ್ಲರಿಗೂ ಸಂತೋಷ. ಆದರೆ ಆ ಒಂಬತ್ತನ್ನು ಪಡೆಯಲು ಮಗು ಎಷ್ಟು ಖರ್ಚು ಮಾಡಿತು ಎಂಬುದು ಆ ಅಂಕದಲ್ಲಿ ಕಾಣುವುದಿಲ್ಲ. ಗುಬ್ಬಿಯಿಂದ ತುಮಕೂರಿಗೆ ಬಸ್ಸಿನಲ್ಲಿ ಬಂದವನೂ ನಡೆದು ಬಂದವನೂ ಕೊನೆಗೆ ಊರು ತಲುಪಿರುತ್ತಾರೆ, ಆದರೆ ಇಬ್ಬರ ಕಾಲುಗಳ ನೋವು ಒಂದೇ ಅಲ್ಲ. ಈ ಖರ್ಚನ್ನೇ ವಿಜ್ಞಾನಿಗಳು 'ಕೇಳುವ ಶ್ರಮ' ಎನ್ನುತ್ತಾರೆ. ಅದನ್ನು ಅಳೆಯಲು ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು, ಕೇಳುವವರನ್ನೇ ಕೇಳುವುದು. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಕಷ್ಟವಾಯಿತು ಎಂದು ಗುರುತು ಹಾಕಿಸುತ್ತಾರೆ. ಇದು ಸುಲಭ. ಆದರೆ ಹುಟ್ಟಿನಿಂದಲೇ ಕಷ್ಟಪಟ್ಟು ಕೇಳಿದ ಮಗುವಿಗೆ ಸುಲಭವಾಗಿ ಕೇಳುವುದೆಂದರೆ ಹೇಗಿರುತ್ತದೆ ಎಂಬುದೇ ಗೊತ್ತಿರುವುದಿಲ್ಲ. ಅದು "ಕಷ್ಟವಿಲ್ಲ" ಎಂದೇ ಹೇಳಿಬಿಡಬಹುದು.

ಎರಡನೆಯದು, ಏಕಕಾಲಕ್ಕೆ ಎರಡು ಕೆಲಸ ಕೊಡುವುದು. ವಾಕ್ಯಗಳನ್ನು ಕೇಳುತ್ತಿರುವಾಗಲೇ ಬೆಳಕು ಮಿನುಗಿದರೆ ಗುಂಡಿ ಒತ್ತಲು ಹೇಳುತ್ತಾರೆ. ಕೇಳುವುದಕ್ಕೇ ಗಮನವೆಲ್ಲ ಖರ್ಚಾಗಿದ್ದರೆ ಗುಂಡಿ ಒತ್ತುವುದು ತಡವಾಗುತ್ತದೆ. ಹಿಕ್ಸ್ ಮತ್ತು ಥಾರ್ಪ್ ಎಂಬ ಸಂಶೋಧಕರು 2002ರಲ್ಲಿ ಶಾಲಾ ಮಕ್ಕಳ ಮೇಲೆ ಈ ವಿಧಾನ ಬಳಸಿ, ಶ್ರವಣದೋಷ ಕಡಿಮೆ ಇರುವ ಮಕ್ಕಳು ಕೂಡ ಉಳಿದವರಿಗಿಂತ ಹೆಚ್ಚು ಶ್ರಮಪಡುತ್ತಾರೆ ಎಂದು ತೋರಿಸಿದರು. ನಿಮ್ಮ ಮಗು ಪಾಠ ಕೇಳುತ್ತಾ ನೋಟ್ಸ್ ಬರೆಯಲಾರದೆ ಒದ್ದಾಡುವುದೂ ಇದೇ ಕಾರಣಕ್ಕೆ ಇರಬಹುದು.

ಮೂರನೆಯದು, ದೇಹವನ್ನೇ ಓದುವುದು. 1966ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಜಾಕ್ಸನ್ ಬೀಟಿ, ಅಂಕಿಗಳನ್ನು ನೆನಪಿಟ್ಟುಕೊಳ್ಳಲು ಹೇಳಿದಾಗ ಅಂಕಿ ಹೆಚ್ಚಿದಂತೆ ಕಣ್ಣಿನ ಪಾಪೆ ಹಿಗ್ಗುತ್ತದೆ ಎಂದು ತೋರಿಸಿದರು. ಕೇಳುವ ಶ್ರಮಕ್ಕೂ ಪಾಪೆ ಹೀಗೆಯೇ ಸ್ಪಂದಿಸುತ್ತದೆ. ಬದಲಾವಣೆ ಒಂದು ಮಿಲಿಮೀಟರಿನ ಸಣ್ಣ ಭಾಗ ಮಾತ್ರ, ಬರಿಗಣ್ಣಿಗೆ ಕಾಣದು, ಕ್ಯಾಮೆರಾ ಬೇಕು. ಬೆಳಕು ಬದಲಾದರೂ ಪಾಪೆ ಬದಲಾಗುವುದರಿಂದ ಕೋಣೆಯ ಬೆಳಕನ್ನು ಒಂದೇ ಸಮನೆ ಇಡಬೇಕು. ಇನ್ನೊಂದು ಮಾತು: ಕಷ್ಟ ಮಿತಿಮೀರಿ, ಕೇಳುವವರು ಸಾಕಪ್ಪ ಎಂದು ಕೈಬಿಟ್ಟರೆ ಪಾಪೆಯ ಹಿಗ್ಗುವಿಕೆಯೂ ಕುಗ್ಗುತ್ತದೆ. ಹಾಗಾಗಿ ಶಾಂತವಾಗಿ ಕುಳಿತ ಮಗು ಸುಲಭವಾಗಿ ಕೇಳುತ್ತಿದೆ ಎಂದೇ ಅರ್ಥವಲ್ಲ. ಅದು ಕೇಳುವುದನ್ನೇ ಬಿಟ್ಟಿರಬಹುದು.

ಯೂನಾನಿ ವೈದ್ಯರಾದ ನಾವು ನಾಡಿ ಹಿಡಿದು ಒಳಗಿನ ಸ್ಥಿತಿಯನ್ನು ತಿಳಿಯಲು ಕಲಿತವರು. ಇಲ್ಲಿ ಪಾಪೆಯೇ ನಾಡಿ.

ಈ ದಾರಿಯಲ್ಲಿ ಅಮೆರಿಕದ ಸಂಶೋಧಕ ಮ್ಯಾಥ್ಯೂ ವಿನ್ 2016ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರತಿ ಮನೆಗೂ ಉಪಯೋಗಕ್ಕೆ ಬರುವಂಥದ್ದು. ಮುಂದಿನ ಪದವನ್ನು ಊಹಿಸಬಹುದಾದ ವಾಕ್ಯವನ್ನು ಕೇಳುವಾಗ, ಕಿವಿ ಸರಿಯಿರುವವರ ಶ್ರಮ ವಾಕ್ಯ ಮುಗಿಯುವ ಮುನ್ನವೇ ಇಳಿಯತೊಡಗುತ್ತದೆ. ಇಂಪ್ಲಾಂಟ್ ಇರುವವರಿಗೂ ಊಹೆಯಿಂದ ಸಹಾಯವಾಗುತ್ತದೆ, ಆದರೆ ತಡವಾಗಿ. ವಾಕ್ಯ ಮುಗಿದ ಮೇಲೂ ಅವರ ಮೆದುಳು ಜೋಡಿಸುವ ಕೆಲಸದಲ್ಲೇ ಇರುತ್ತದೆ. ಇದರ ಪಾಠ ಸರಳ: ಒಂದು ವಾಕ್ಯ ಹೇಳಿ, ಒಂದು ಕ್ಷಣ ನಿಲ್ಲಿ, ಆಮೇಲೆ ಮುಂದಿನದು ಹೇಳಿ.

ನೀವು ಮನೆಯಲ್ಲಿ ಅಳೆಯಬಹುದು

ಪಾಪೆ ನೋಡುವ ಕ್ಯಾಮೆರಾ ಕುಣಿಗಲ್ಲಿನ ಮನೆಯಲ್ಲಿ ಇರುವುದಿಲ್ಲ. ಬೇಕಾಗಿಯೂ ಇಲ್ಲ. ಒಂದು ನೋಟ್‌ಬುಕ್ ಸಾಕು. ಎರಡು ವಾರ, ದಿನಕ್ಕೆ ಮೂರು ಬಾರಿ, ಅಂದರೆ ಬೆಳಿಗ್ಗೆ ಶಾಲೆಗೆ ಹೋಗುವ ಮುನ್ನ, ಶಾಲೆಯಿಂದ ಬಂದ ಕೂಡಲೇ, ರಾತ್ರಿ ಮಲಗುವ ಮುನ್ನ, ಮಗುವಿಗೆ ದಣಿವು ಎಷ್ಟಿದೆ ಎಂದು ಸೊನ್ನೆಯಿಂದ ಹತ್ತರಲ್ಲಿ ಬರೆಯಿರಿ. ಚಿಕ್ಕವರಾದರೆ ನಗುವ ಮುಖದಿಂದ ಅಳುವ ಮುಖದವರೆಗೆ ಐದು ಮುಖ ಬರೆದು ತೋರಿಸಲು ಹೇಳಿ. ಪಕ್ಕದಲ್ಲಿ ಆ ದಿನ ಎಲ್ಲಿದ್ದರು, ಎಷ್ಟು ಜನರಿದ್ದರು, ಗದ್ದಲವಿತ್ತೇ, ಪ್ರೊಸೆಸರ್ ಎಷ್ಟು ಗಂಟೆ ಹಾಕಿದ್ದರು, ಯಾವಾಗ ತೆಗೆದರು ಎಂದು ನಮೂದಿಸಿ.

ಇದು ರೋಗನಿರ್ಣಯವಲ್ಲ. ಆದರೆ ಪ್ರೊಸೆಸರ್ ಹೊಂದಿಸುವ ಆಡಿಯಾಲಜಿಸ್ಟರ ಮುಂದೆ ಇದನ್ನು ಇಟ್ಟರೆ, "ಸುಸ್ತಾಗುತ್ತೆ" ಎಂಬ ಒಂದು ಮಾತಿಗಿಂತ ಹೆಚ್ಚು ಪ್ರಯೋಜನ. ಬೆಳಿಗ್ಗೆಯೇ ದಣಿವಿದ್ದರೆ ಕಾರಣ ಬೇರೆ ಇರಬಹುದು: ನಿದ್ರೆ ಸಾಲದಿರುವುದು, ರಕ್ತಹೀನತೆ, ಸೋಂಕು. ರಕ್ತ ಪರೀಕ್ಷೆ ಮಾಡಿಸಿ. ಹಗಲಿನುದ್ದಕ್ಕೂ ಏರುತ್ತಾ ಹೋಗಿ, ರಜಾದಿನ ಕಡಿಮೆಯಾಗಿದ್ದರೆ ಕೇಳುವ ಶ್ರಮವನ್ನು ಅನುಮಾನಿಸಿ. ಯಂತ್ರದ ಹೊಂದಿಕೆ, ಅಂದರೆ 'ಮ್ಯಾಪಿಂಗ್', ಸರಿಪಡಿಸಬೇಕೇ ಎಂದು ಕೇಳಿ.

ಗದ್ದಲದ ನಡುವೆ ಕೇಳಿಸುವಿಕೆಯನ್ನು ಪರೀಕ್ಷಿಸಲು ಕನ್ನಡದ್ದೇ ವಾಕ್ಯಪಟ್ಟಿಗಳು ಸಿದ್ಧವಾಗಿವೆ. 1965ರಲ್ಲಿ ಸ್ಥಾಪನೆಯಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸದಲ್ಲಿ ಮುಂದಿದೆ. ಹೋದಲ್ಲೆಲ್ಲ ಮೌನದ ಕೋಣೆಯಲ್ಲಿ ಮಾತ್ರವಲ್ಲ, ಗದ್ದಲದಲ್ಲೂ ಪರೀಕ್ಷಿಸಿ ಎಂದು ನೀವೇ ಕೇಳಿ.

ಶ್ರಮ ಇಳಿಸುವ ದಾರಿಗಳು

ಯೂನಾನಿ ಶಾಸ್ತ್ರದಲ್ಲಿ ಆರೋಗ್ಯಕ್ಕೆ ಅವಶ್ಯವಾದ ಆರು ಕಾರಣಗಳನ್ನು, ಅಸ್ಬಾಬೆ ಸಿತ್ತಾ ಝರೂರಿಯಾ ಎಂದು ಹೇಳುತ್ತೇವೆ. ಗಾಳಿ, ಆಹಾರ ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ವಿಸರ್ಜನೆ ಮತ್ತು ಧಾರಣೆ. ಹೊಲದಲ್ಲಿ ದುಡಿದು ಬಂದವನಿಗೆ ಕುಳಿತುಕೋ ಎನ್ನುತ್ತೇವೆ. ಮನಸ್ಸಿನಿಂದ ದುಡಿದು ಬಂದ ಮಗುವಿಗೂ ಅದೇ ನ್ಯಾಯ ಸಲ್ಲಬೇಕು. ಶಾಲೆಯಿಂದ ಬಂದ ಮೇಲೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಮಾತಿಲ್ಲದ ಬಿಡುವು ಕೊಡಿ. ಟಿವಿ ಆರಿಸಿ. ಆಮೇಲೆ ಪ್ರೊಸೆಸರ್ ಮತ್ತೆ ಹಾಕಿಸಿ, ಏಕೆಂದರೆ ದಿನವಿಡೀ ಧರಿಸದಿದ್ದರೆ ಭಾಷೆ ಬೆಳೆಯದು. ಟ್ಯೂಷನ್, ಮದ್ರಸ, ಥೆರಪಿ ಮೂರನ್ನೂ ಒಂದೇ ಸಂಜೆಗೆ ತುಂಬಬೇಡಿ.

ಹತ್ತಿರ ಬಂದು, ಮುಖ ಕಾಣುವಂತೆ ಮಾತಾಡಿ. ತೆರೆದ ಜಾಗದಲ್ಲಿ ದೂರ ಎರಡರಷ್ಟಾದಾಗಲೆಲ್ಲ ಶಬ್ದ ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ. ಅಡುಗೆಮನೆಯಿಂದ ಕೂಗುವುದಕ್ಕಿಂತ ನಾಲ್ಕು ಹೆಜ್ಜೆ ನಡೆದು ಬರುವುದು ಮೇಲು. ಬಿ.ಎಚ್. ರಸ್ತೆಯ ಪಕ್ಕದ ತರಗತಿಯಲ್ಲಿ ಲಾರಿ, ಬಸ್ಸು, ಫ್ಯಾನು ಎಲ್ಲ ಸೇರಿ ಟೀಚರ ಧ್ವನಿಯನ್ನು ನುಂಗುತ್ತವೆ. ಕಿಟಕಿಯಿಂದ ದೂರ, ಮುಂದಿನ ಬೆಂಚು ಕೇಳಿ ಪಡೆಯಿರಿ. ಟೀಚರ ಕೊರಳಿನ ಬಳಿ ಧರಿಸುವ ರಿಮೋಟ್ ಮೈಕ್ ಧ್ವನಿಯನ್ನು ನೇರವಾಗಿ ಪ್ರೊಸೆಸರಿಗೆ ಕಳಿಸುತ್ತದೆ. ಅದು ನಿಮ್ಮ ಯಂತ್ರಕ್ಕೆ ಹೊಂದುತ್ತದೆಯೇ ವಿಚಾರಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಶಾಲೆಗಳಲ್ಲಿ ಇಂತಹ ಮಕ್ಕಳ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು ಎನ್ನುತ್ತದೆ. ನೀವು ಬೇಡುತ್ತಿರುವುದು ಭಿಕ್ಷೆಯಲ್ಲ.

ಮಸೀದಿಯಲ್ಲಿ ಧ್ವನಿವರ್ಧಕ ಮತ್ತು ಗುಮ್ಮಟದ ಪ್ರತಿಧ್ವನಿ ಸೇರಿದರೆ ಜುಮಾದ ಖುತ್ಬಾ ಇವರಿಗೆ ಬರೀ ಗುಂಯ್‌ಗುಡುವಿಕೆ. ಇಮಾಮರ ಮುಖ ಕಾಣುವ ಜಾಗ ಬಿಟ್ಟುಕೊಡಿ, ಸಾಧ್ಯವಾದರೆ ಸಾರಾಂಶವನ್ನು ಬರೆದು ಕೊಡಿ. ವುಝೂವಿಗೆ, ಸ್ನಾನಕ್ಕೆ ಮುನ್ನ ಹೊರಗಿನ ಪ್ರೊಸೆಸರನ್ನು ತೆಗೆದು ಒರೆಸಿದ ಕೈಯಿಂದಲೇ ಮತ್ತೆ ಹಾಕಬೇಕು. ಸಜ್ದಾದಲ್ಲಿ ಜಾರದಂತೆ ಕ್ಲಿಪ್ ಸಿಗುತ್ತದೆ. ದಪ್ಪ ದುಪಟ್ಟಾ ಅಥವಾ ಸ್ಕಾರ್ಫ್ ಮೈಕಿನ ಮೇಲೆ ಉಜ್ಜಿದರೆ ಶಬ್ದ ಮಂಕಾಗಿ, ಸರಸರ ಗದ್ದಲ ಸೇರಿ ಶ್ರಮ ಹೆಚ್ಚುತ್ತದೆ. ಹೆಣ್ಣುಮಕ್ಕಳಿಗೆ ತೆಳುವಾದ ಹತ್ತಿಯ ಬಟ್ಟೆ ಆರಿಸಿ.

ಇವುಗಳನ್ನು ಮಾಡಬೇಡಿ

ಯೂನಾನಿ ವೈದ್ಯನಾಗಿಯೇ ಹೇಳುತ್ತೇನೆ: ಹಾಳಾದ ರೋಮಕೋಶಗಳನ್ನು ಮತ್ತೆ ಬೆಳೆಸುವ ಮಾಜೂನ್, ಖಮೀರಾ, ತೈಲ ಯಾವುದೂ ಇಲ್ಲ. "ಮಷಿನ್ ಬಿಡಿಸುತ್ತೇನೆ" ಎಂದು ಹೇಳುವವರನ್ನು ನಂಬಬೇಡಿ. ಕಿವಿಗೆ ಎಣ್ಣೆ, ರೋಗನ್ ಬಿಡಬೇಡಿ. ಇಂಪ್ಲಾಂಟ್ ಇರುವ ಜಾಗದ ಮೇಲೆ ಹಿಜಾಮಾ ಮಾಡಿಸಬೇಡಿ, ಬಲವಾಗಿ ಮಾಲೀಷು ಮಾಡಬೇಡಿ. ಎಂಆರ್‌ಐ ಅಥವಾ ವಿದ್ಯುತ್ ಶಾಖದ ಚಿಕಿತ್ಸೆಗೆ ಮುನ್ನ ಇಂಪ್ಲಾಂಟ್ ಇರುವುದನ್ನು ತಪ್ಪದೆ ತಿಳಿಸಿ. ಬಿಲ್ಲೆಯ ಕೆಳಗೆ ಚರ್ಮ ಕೆಂಪಾಗಿ ಊದಿದರೆ, ಜ್ವರದ ಜೊತೆ ಕುತ್ತಿಗೆ ಬಿಗಿದರೆ, ಕೇಳಿಸುವುದು ಇದ್ದಕ್ಕಿದ್ದಂತೆ ಕುಸಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಅದು ದಣಿವಲ್ಲ.

ಇನ್ನೂ ಇಂಪ್ಲಾಂಟ್ ಆಗದ, ಶಬ್ದಕ್ಕೆ ತಿರುಗದ ಕೂಸು ಮನೆಯಲ್ಲಿದ್ದರೆ ಕಾಯಬೇಡಿ. ಆಶಾ ಕಾರ್ಯಕರ್ತೆಯನ್ನೋ ತಾಲ್ಲೂಕು ಆಸ್ಪತ್ರೆಯನ್ನೋ ಕೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಮಕ್ಕಳ ತಪಾಸಣೆ ಇದೆ, ಶಸ್ತ್ರಚಿಕಿತ್ಸೆಗೆ ಸರ್ಕಾರದ ನೆರವೂ ಇದೆ. ಮೊದಲ ವರ್ಷಗಳಲ್ಲಿ ಕೇಳಿಸಿದ ಮೆದುಳಿಗೆ ಮುಂದೆ ತುಂಬಿಕೊಳ್ಳಬೇಕಾದ ತೂತುಗಳು ಕಡಿಮೆ. ಬಂಧುಗಳಲ್ಲೇ ಮದುವೆಯಾದ ಕುಟುಂಬದಲ್ಲಿ ಈಗಾಗಲೇ ಒಬ್ಬರಿಗೆ ಹುಟ್ಟು ಕಿವುಡಿದ್ದರೆ ಮುಂದಿನ ಕೂಸನ್ನು ಹುಟ್ಟಿದ ತಿಂಗಳೊಳಗೇ ಪರೀಕ್ಷಿಸಿ.

ಇಂದು ಸಂಜೆ ಮಗು ಪ್ರೊಸೆಸರ್ ತೆಗೆದಿಟ್ಟರೆ ಗದರಬೇಡಿ. ನೀರು ಕೊಡಿ, ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳಿ, ನೋಟ್‌ಬುಕ್ಕಿನಲ್ಲಿ ಸಮಯ ಬರೆದಿಡಿ. ಮುಂದಿನ ಬಾರಿ ಆಡಿಯಾಲಜಿಸ್ಟರ ಬಳಿ ಹೋಗುವಾಗ ಫೈಲಿನ ಜೊತೆ ಆ ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋಗಿ.